ಬುಧವಾರ ಮುಂದೆ ಹೋದರೆ ಯಾವ ವಾರ?

ತೀರ್ಥಹಳ್ಳಿಯಿಂದ ತಂಗಿಯ ಮಗಳು ಫೋನ್ ಮಾಡಿದ್ದು ಒಂದು ಶನಿವಾರ ಸಂಜೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅವಳಿಗೆ ಬುಧವಾರ ಇಂಟರ್‌ವ್ಯೂ ಇತ್ತು. "ಮಾವ, ಇಂಟರ್‌ವ್ಯೂ ಎರಡು ದಿನ ಮುಂದೆ ಹಾಕಿದಾರೆ. ಈಗ ಮೆಸೇಜ್ ಬಂತು" ಅಂದಳು. "ಒಳ್ಳೇದೇ ಆಯ್ತಲ್ಲ ಮಾರಾಯ್ತಿ, ಓದ್ಕೊಳ್ಳಕ್ಕೆ ಇನ್ನೆರಡು ದಿನ ಸಿಕ್ತು" ಅಂದೆ ನಾನು. ಸಾಗರದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನಿಗೆ, ಆ ಮೆಸೇಜನ್ನು ಒಮ್ಮೆ ಓದಿ ಹೇಳು ಅನ್ನಬೇಕೆಂದು ತೋಚಲಿಲ್ಲ. ಸೋಮವಾರ ಮಧ್ಯಾಹ್ನ ಕಂಪನಿಯಿಂದಲೇ ಫೋನು: ಬೆಳಗ್ಗೆಯಿಂದ ಕಾಯ್ತಾ ಇದೀವಿ, ಯಾಕೆ ಬರಲಿಲ್ಲ? ಮೆಸೇಜಿನಲ್ಲಿ ಇದ್ದದ್ದು 'ಮೂವ್ಡ್ ಫಾರ್ವರ್ಡ್ ಬೈ ಟೂ ಡೇಸ್'. ಅವಳು ಅದನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಶುಕ್ರವಾರ ಎಂದು ಎಣಿಸಿದ್ದಳು. ಕಳಿಸಿದವರ ಲೆಕ್ಕದಲ್ಲಿ ಅದು ಸೋಮವಾರ.

ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಅವಳ ಅಪ್ಪ ಕನ್ನಡ ಮೀಡಿಯಂ ಶಾಲೆಯನ್ನೂ ಸೇರಿಸಿ ಬೈದರು. ನನಗೆ ಆ ತೀರ್ಪು ಒಪ್ಪಿಗೆಯಾಗಲಿಲ್ಲ. ನಾನೂ ತಪ್ಪಿದವರಲ್ಲಿ ಒಬ್ಬ ಎಂಬುದು ಒಂದು ಕಾರಣ. ಇನ್ನೊಂದು, ಈ ವಾಕ್ಯದಲ್ಲಿ ಹುಟ್ಟಾ ಇಂಗ್ಲಿಷರೇ ಎಡವುತ್ತಾರೆ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್‌ಸ್ಕರ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇಳಿದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ: ಮುಂದಿನ ಬುಧವಾರದ ಮೀಟಿಂಗನ್ನು ಎರಡು ದಿನ 'ಫಾರ್ವರ್ಡ್' ಮಾಡಿದ್ದಾರೆ, ಈಗ ಅದು ಯಾವ ದಿನ? ಇಂಗ್ಲಿಷನ್ನೇ ಮಾತಾಡುತ್ತ ಬೆಳೆದವರಲ್ಲಿ ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ತಮಾಷೆ ಏನೆಂದರೆ, ಈಗಷ್ಟೇ ವಿಮಾನ ಇಳಿದವರು, ರೈಲಿನಲ್ಲಿ ಊರಿಗೆ ಹೊರಟವರು ಶುಕ್ರವಾರ ಎನ್ನುವುದು ಹೆಚ್ಚು. ತಾನು ಕಾಲದೊಳಗೆ ನಡೆದು ಹೋಗುತ್ತಿದ್ದೇನೆ ಎಂದುಕೊಂಡವನಿಗೆ 'ಫಾರ್ವರ್ಡ್' ಎಂದರೆ ಇನ್ನೂ ಆಚೆ. ತಾನು ನಿಂತಲ್ಲೇ ನಿಂತಿದ್ದೇನೆ, ದಿನಗಳೇ ಎದುರಿಂದ ಬರುತ್ತಿವೆ ಎಂದುಕೊಂಡವನಿಗೆ 'ಫಾರ್ವರ್ಡ್' ಎಂದರೆ ಇನ್ನೂ ಹತ್ತಿರ, ಅಂದರೆ ಬೇಗ.

ಕನ್ನಡದಲ್ಲಿ ಈ ಗೊಂದಲಕ್ಕೆ ಜಾಗವಿಲ್ಲ. 'ಮದುವೆ ಮುಂದೆ ಹೋಯ್ತು' ಎಂದು ಹೊಸನಗರದ ಯಾವ ಮನೆಯಲ್ಲಿ ಹೇಳಿದರೂ ಯಾರಿಗೂ ಮದುವೆ ಬೇಗ ಬಂತು ಎಂದು ಕೇಳಿಸುವುದಿಲ್ಲ. ಮುಂದೂಡುವುದು, ಮುಂದಕ್ಕೆ ಹಾಕುವುದು ಎಂದರೆ ತಡ ಮಾಡುವುದು, ಅಷ್ಟೇ. ಅದಕ್ಕೇ ಇಂಗ್ಲಿಷಿನ 'ಬ್ರಿಂಗ್ ಫಾರ್ವರ್ಡ್' ನಮ್ಮ ಹುಡುಗರಿಗೆ ಗುಂಡಿಯಾಗುತ್ತದೆ. ಶಬ್ದಕ್ಕೆ ಶಬ್ದ ಇಟ್ಟರೆ 'ಮುಂದಕ್ಕೆ ತರು', ಅರ್ಥ ಮಾತ್ರ ಪೂರಾ ಉಲ್ಟಾ: ಹೇಳಿದ ದಿನಕ್ಕಿಂತ ಮೊದಲೇ ಮಾಡು. ಬೇಗ ಮಾಡುವುದಕ್ಕೆ ನಮ್ಮಲ್ಲಿ ಒಂಟಿ ಕ್ರಿಯಾಪದ ಇಲ್ಲ. 'ಮೊದಲೇ ಇಟ್ಟುಕೊಂಡರು', 'ಈಚೆಗೆ ತಂದರು' ಎಂದು ಸುತ್ತಿ ಹೇಳುತ್ತೇವೆ. ಇಂಡಿಯಾದವರು 'ಪ್ರಿಪೋನ್' ಎಂಬ ಶಬ್ದ ಹುಟ್ಟಿಸಿಕೊಂಡದ್ದು ಇಂಥ ಕೊರತೆಯಿಂದಲೇ ಇರಬೇಕು. ನಾನು ಪಾಠ ಮಾಡುವಾಗ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ. ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಹೊಡೆದು ಹಾಕಿದ್ದೇ ತಪ್ಪು ಎಂದು ಇವತ್ತು ಅನಿಸುತ್ತದೆ. ಆ ಕಂಪನಿಯವರು 'ಪ್ರಿಪೋನ್' ಎಂದು ಬರೆದಿದ್ದರೆ ನನ್ನ ಸೊಸೆ ಸೋಮವಾರ ಬೆಂಗಳೂರಿನಲ್ಲಿರುತ್ತಿದ್ದಳು.

ಹಾಗೆಂದು ಕನ್ನಡ ಪೂರಾ ನೇರ ಎಂದು ಬೀಗುವಂತಿಲ್ಲ. 'ಮುನ್' ಎಂಬ ಒಂದೇ ಬೇರಿನಿಂದ ನಮಗೆ 'ಮುಂದೆ'ಯೂ ಬಂದಿದೆ, 'ಮುಂಚೆ'ಯೂ ಬಂದಿದೆ. ಮುಂದೆ ಎಂದರೆ ಇನ್ನು ಬರಬೇಕಾದ್ದು, ಮುಂಚೆ ಎಂದರೆ ಆಗಿಹೋದದ್ದು. ಊಟಕ್ಕೆ ಮುಂಚೆ ಗುಳಿಗೆ ನುಂಗು, ಮುಂದೆ ನೋಡೋಣ ಎಂದು ಅಜ್ಜಿ ಹೇಳಿದರೆ ಒಂದೇ ಬೇರು ಎರಡು ದಿಕ್ಕಿಗೆ ಓಡಿರುತ್ತದೆ. 'ಹಿಂದೆ'ಯದೂ ಅದೇ ಕತೆ. ಮದುವೆಯ ಹಿಂದಿನ ದಿನ ಎಂದರೆ ಮದುವೆಗೆ ಮೊದಲಿನ ದಿನ. ಆದರೆ ಒಂದು ಬಸ್ಸಿನ ಹಿಂದೆಯೇ ಇನ್ನೊಂದು ಬಂತು ಎಂದರೆ ಎರಡನೆಯದು ಆಮೇಲೆ ಬಂದದ್ದು. ಮೊದಲಿನದರಲ್ಲಿ ನಾವು ದಾರಿ ನಡೆಯುವವರು, ಎರಡನೆಯದರಲ್ಲಿ ದಾರಿ ಬದಿ ನಿಂತು ನೋಡುವವರು. ಇಂಗ್ಲಿಷಿನವರ ಎರಡು ಚಿತ್ರಗಳೂ ನಮ್ಮಲ್ಲಿ ಇವೆ. ಯಾವ ಶಬ್ದಕ್ಕೆ ಯಾವ ಚಿತ್ರ ಎಂಬುದು ಮಾತ್ರ ಬೇರೆ ಬೇರೆ ಹಂಚಿಕೆಯಾಗಿದೆ. ಕಾಲದ ವಿಷಯದಲ್ಲಿ ನಮ್ಮ ಹುಡುಗರು ಮಾಡುವ ಹೆಚ್ಚಿನ ತಪ್ಪುಗಳು ಈ ಹಂಚಿಕೆಯ ತಪ್ಪುಗಳೇ. ಕನ್ನಡದ ಒಂದು ಪ್ರತ್ಯಯ ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಾದರೆ, ಇಂಗ್ಲಿಷಿನಲ್ಲಿ ಎಲ್ಲಿ ಕವಲೊಡೆಯುತ್ತದೆ ಎಂಬುದೂ ಗೊತ್ತಾಗುತ್ತದೆ.

'ಆನ್ ಟೈಮ್' ಮತ್ತು 'ಇನ್ ಟೈಮ್' ತೆಗೆದುಕೊಳ್ಳಿ. ಎರಡಕ್ಕೂ ನಾವು 'ಸರಿಯಾದ ಸಮಯಕ್ಕೆ' ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಗೈಡುಗಳಲ್ಲೂ ಹಾಗೇ ಇರುತ್ತದೆ. ಮಲೆನಾಡಿನಲ್ಲಿ ಇದನ್ನು ಕಲಿಸಲು ಗೈಡು ಬೇಡ, ಬಸ್ ಸ್ಟ್ಯಾಂಡು ಸಾಕು. ನಮ್ಮಲ್ಲಿ ಬಸ್ಸಿಗೆ ಹೊತ್ತೇ ಹೆಸರು: ಏಳೂವರೆ ಬಸ್ಸು, ಹತ್ತು ಗಂಟೆ ಗಾಡಿ, ಸಂಜೆ ಐದೂಕಾಲಿನದು. ಏಳೂವರೆ ಬಸ್ಸು ಎಂಟಕ್ಕೆ ಬಂದರೂ ಅದು ಏಳೂವರೆ ಬಸ್ಸೇ. ಎಂಟಕ್ಕೆ ಬಂತು ಎಂದು ಎಂಟು ಗಂಟೆ ಬಸ್ಸಾಗುವುದಿಲ್ಲ. ಆ ಬಸ್ಸು ಬೋರ್ಡಿನಲ್ಲಿ ಬರೆದ ಹೊತ್ತಿಗೆ ಬಂದರೆ ಅದು 'ಆನ್ ಟೈಮ್'. ನೀವು ತೋಟದಿಂದ ಓಡಿ ಬಂದು, ಕಂಡಕ್ಟರ್ ಸೀಟಿ ಊದುವುದರೊಳಗೆ ಮೆಟ್ಟಿಲು ಹತ್ತಿದರೆ, ನೀವು 'ಇನ್ ಟೈಮ್'. ಬಸ್ಸು ಅರ್ಧ ಗಂಟೆ ತಡ, ಆದರೂ ನೀವು ಇನ್ ಟೈಮ್. ಹಾಗಾಗುವುದು ನಮ್ಮ ಕಡೆ ವಿಶೇಷವೂ ಅಲ್ಲ. 'ಆನ್ ಟೈಮ್' ಎಂದರೆ ಹೇಳಿದ ಹೊತ್ತಿಗೆ. 'ಇನ್ ಟೈಮ್' ಎಂದರೆ ಹೊತ್ತು ಮೀರುವುದರೊಳಗೆ. ಮೊದಲನೆಯದಕ್ಕೆ ಗಡಿಯಾರ ಸಾಕ್ಷಿ. ಎರಡನೆಯದಕ್ಕೆ ಗಡಿಯಾರವೇ ಬೇಡ, ತಪ್ಪಿಹೋಗಬಹುದಾಗಿದ್ದ ಏನೋ ಒಂದು ಎದುರಿಗೆ ಇರಬೇಕು.

ಅಡಿಕೆ ತೋಟದವರಿಗೆ ಎರಡನೆಯದರ ಬೆಲೆ ಚೆನ್ನಾಗಿ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ; ಕೊನೆ ಒಣಗಿದ್ದಾಗಲೇ ಮದ್ದು ಅಂಟಬೇಕು. ಎರಡನೇ ಸಲದ್ದು ಸುಮಾರು ನಲವತ್ತು ನಲವತ್ತೈದು ದಿನ ಬಿಟ್ಟು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ ವರದಿ ಬರೆದದ್ದು 1910ರಲ್ಲಿ. ಅಂದಿನಿಂದ ಇಂದಿನವರೆಗೆ ಮದ್ದಿನ ಲೆಕ್ಕಾಚಾರದ ಮುಕ್ಕಾಲು ಪಾಲು ಹೊತ್ತಿನ ಲೆಕ್ಕಾಚಾರವೇ. ಜೂನ್ ಏಳೆಂಟರ ಹೊತ್ತಿಗೆ ಮೃಗಶಿರ ಮಳೆ ಹುಟ್ಟುತ್ತದೆ, ಇಪ್ಪತ್ತೆರಡರ ಆಸುಪಾಸಿಗೆ ಆರಿದ್ರ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಕ್ಕುವುದು ಇವತ್ತೋ ನಾಳೆಯೋ, ಮಳೆ ಬರುವುದು ಇವತ್ತೋ ನಾಳೆಯೋ. ಅವನು ಹೇಳಿದ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಬಂದ, ಆದರೆ ಮಳೆ ಹಿಂದಿನ ದಿನವೇ ಹಿಡಿದಿತ್ತು ಎಂದುಕೊಳ್ಳಿ. ಅವನು 'ಆನ್ ಟೈಮ್', ಮದ್ದು 'ಇನ್ ಟೈಮ್' ಅಲ್ಲ. ಈ ಒಂದು ಉದಾಹರಣೆ ಕೊಟ್ಟ ಮೇಲೆ ನನ್ನ ತರಗತಿಯಲ್ಲಿ ಆ ಎರಡರಲ್ಲಿ ತಪ್ಪಿದವರು ಕಡಿಮೆ. 'ಇನ್ ಟೈಮ್'ಗೆ ಇನ್ನೊಂದು ಅರ್ಥವೂ ಇದೆ, ಕಾಲಕ್ರಮೇಣ ಎಂದು. ಅದು ವಾಕ್ಯ ನೋಡಿದ ಕೂಡಲೇ ತಿಳಿಯುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು 'ಸಿನ್ಸ್' ಮತ್ತು 'ಫಾರ್'. ಇಲ್ಲಿ ದೋಷ ಪೂರ್ತಿ ನಮ್ಮ 'ಇಂದ' ಪ್ರತ್ಯಯದ್ದು. ನಮ್ಮ ಕಡೆಯದೇ ಒಂದು ಉದಾಹರಣೆ: ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಶರಾವತಿಯ ಹಿನ್ನೀರು ತುಮರಿ ಕಡೆಯ ಊರುಗಳನ್ನು ಸಾಗರದಿಂದ ಕಡಿದು ಹಾಕಿತು. ಆಮೇಲೆ ಆ ಜನಕ್ಕೆ ಆಸ್ಪತ್ರೆಗೆ ಬರಲಿ, ಕಾಲೇಜಿಗೆ ಬರಲಿ, ಲಾಂಚೇ ಗತಿ. ಸಂಜೆಯ ಕಡೇ ಲಾಂಚು ತಪ್ಪಿದರೆ ರಾತ್ರಿ ಈ ದಡದಲ್ಲೇ. ಅಂಬಾರಗೋಡ್ಲು ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಇದನ್ನು ಕನ್ನಡದಲ್ಲಿ ಹೇಳುವಾಗ, 'ಅರವತ್ತು ವರ್ಷದಿಂದ ಸೇತುವೆಗೆ ಕಾದರು' ಎಂದರೂ ಸರಿ, '1964ರಿಂದ ಕಾದರು' ಎಂದರೂ ಸರಿ. ಉದ್ದಕ್ಕೂ 'ಇಂದ', ಬಿಂದುವಿಗೂ 'ಇಂದ'. ಇಂಗ್ಲಿಷು ಇಲ್ಲಿ ಎರಡು ಬಾಗಿಲು ಇಟ್ಟಿದೆ. ಎಷ್ಟು ಉದ್ದ ಎಂದು ಅಳೆದರೆ 'ಫಾರ್ ಸಿಕ್ಸ್ಟಿ ಇಯರ್ಸ್', ಎಲ್ಲಿಂದ ಶುರು ಎಂದು ಬೊಟ್ಟು ಮಾಡಿದರೆ 'ಸಿನ್ಸ್ 1964'. ಮಧ್ಯೆ ನಮ್ಮ ಹುಡುಗರು 'ಫ್ರಮ್ ಸಿಕ್ಸ್ಟಿ ಇಯರ್ಸ್' ಎಂಬ ಮೂರನೇ ಬಾಗಿಲು ಕೊರೆಯುತ್ತಾರೆ.

ಅದರ ಜೊತೆಗೇ ಇನ್ನೊಂದು ಎಡವಟ್ಟು. 'ಹತ್ತು ವರ್ಷದಿಂದ ಇಲ್ಲಿದ್ದೇನೆ' ಎನ್ನುವಾಗ ನಮ್ಮ ಕ್ರಿಯಾಪದ ವರ್ತಮಾನದಲ್ಲೇ ಆರಾಮಾಗಿ ಕೂತಿರುತ್ತದೆ. ಈಗಲೂ ಇದ್ದೇನಲ್ಲ, ಮತ್ತೇನು ಬೇಕು? ಇಂಗ್ಲಿಷಿಗೆ ಅಷ್ಟು ಸಾಲದು. ಹತ್ತು ವರ್ಷದ ಹಿಂದಿನ ಆ ತುದಿಯನ್ನೂ ಇವತ್ತಿನ ಈ ತುದಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕು. 'ಐ ಹ್ಯಾವ್ ಬೀನ್ ಹಿಯರ್' ಎಂಬ ಉದ್ದನೆಯ ಏರ್ಪಾಟು ಅದಕ್ಕಾಗಿ. ತುಮರಿಯ ಜನ ಸೇತುವೆಗೆ ಕಾಯುತ್ತಿದ್ದ ದಿನಗಳಲ್ಲಿ 'ಹ್ಯಾವ್ ಬೀನ್ ವೇಟಿಂಗ್'. ಈಗ ಸೇತುವೆಯ ಮೇಲೆ ಬಸ್ಸು ಓಡುತ್ತಿದೆ, ಹಾಗಾಗಿ 'ಹ್ಯಾಡ್ ಬೀನ್ ವೇಟಿಂಗ್'. ಒಂದು ಸೇತುವೆ ಆದದ್ದಕ್ಕೆ ವ್ಯಾಕರಣವೂ ಬದಲಾಯಿತು.

'ಅಟ್', 'ಆನ್', 'ಇನ್' ಮೂರರ ಬಗ್ಗೆ ಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ. ನನಗೆ ಅದರಲ್ಲಿ ಅಷ್ಟೇನೂ ಕಷ್ಟ ಕಾಣುವುದಿಲ್ಲ. 'ಹತ್ತಕ್ಕೆ ಬಾ, ಸೋಮವಾರ ಬಾ, ಜೂನ್‌ನಲ್ಲಿ ಬಾ' ಎಂದು ಬಾಯಿಬಿಟ್ಟು ಹೇಳಿ ನೋಡಿ. 'ಕ್ಕೆ' ಬಂದಲ್ಲಿ 'ಅಟ್', ವಾರದ ಹೆಸರು ಬರೀ ಮೈಯಲ್ಲಿ ನಿಂತಲ್ಲಿ 'ಆನ್', 'ಅಲ್ಲಿ' ಬಂದಲ್ಲಿ 'ಇನ್'. ರಾತ್ರಿಗೆ 'ಅಟ್', ಬೆಳಗ್ಗೆಗೆ 'ಇನ್' ಎಂಬುದೊಂದು ಹಟಮಾರಿ ಅಪವಾದ, ಅದನ್ನು ಬಾಯಿಪಾಠ ಮಾಡಿಬಿಡುವುದೇ ಸುಲಭ. 'ಟುಡೇ ಮಾರ್ನಿಂಗ್', 'ಯೆಸ್ಟರ್‌ಡೇ ನೈಟ್' ಎರಡೂ ನಮ್ಮ 'ಇವತ್ತು ಬೆಳಗ್ಗೆ', 'ನಿನ್ನೆ ರಾತ್ರಿ'ಯ ನೆರಳು. ಇಂಗ್ಲಿಷಿನವರು 'ದಿಸ್ ಮಾರ್ನಿಂಗ್', 'ಲಾಸ್ಟ್ ನೈಟ್' ಎನ್ನುತ್ತಾರೆ. ಆದರೆ 'ಟುಮಾರೋ ಮಾರ್ನಿಂಗ್' ಅವರಿಗೂ ಸರಿಯೇ. ಯಾಕೆ ಎಂದು ಕೇಳಿದ ಹುಡುಗರಿಗೆ ನಾನು ಉತ್ತರ ಕೊಟ್ಟಿಲ್ಲ, ನಕ್ಕು ಸುಮ್ಮನಾಗಿದ್ದೇನೆ. 'ಈಗ್ಲೇ ಹೋದ' ಎಂಬುದು 'ನೌ ಓನ್ಲಿ ಹಿ ವೆಂಟ್' ಆಗುವುದು ನಮ್ಮ ಏಕಾರದ ಕೆಲಸ. ಆ ಏಕಾರ ಒತ್ತಿ ಹೇಳುವುದಕ್ಕೆ ಇರುವುದು, ಲೆಕ್ಕ ಹಾಕಿ ಅಷ್ಟೇ ಎನ್ನುವುದಕ್ಕಲ್ಲ. ಇಂಗ್ಲಿಷಿನಲ್ಲಿ ಅದರ ಜಾಗಕ್ಕೆ 'ಜಸ್ಟ್' ಬೇಕು.

ನಡುಹಗಲಿನ ಹನ್ನೆರಡಕ್ಕೆ 'ಪಿ.ಎಂ.', ನಡುರಾತ್ರಿಯದಕ್ಕೆ 'ಎ.ಎಂ.' ಎಂಬುದು ಗೊತ್ತಿದ್ದವರಿಗೂ ಬರೆಯುವಾಗ ಕೈ ನಡುಗುತ್ತದೆ. 'ನೂನ್' ಎಂದು ಬರೆದುಬಿಡಿ, ಹಾಯಾಗಿರುತ್ತದೆ. ಅಂದಹಾಗೆ ಸಾಗರದ ಮಟ್ಟಿಗೆ ಆ 'ನೂನ್' ಕೂಡ ಅರ್ಧ ಗಂಟೆ ಸುಳ್ಳು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಹೊತ್ತಿನಲ್ಲಿ, ಸಾಗರ ಇರುವುದು 75ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹೆಚ್ಚುಕಡಿಮೆ ಹನ್ನೆರಡೂವರೆಗೆ. 'ಹೊತ್ತು ನೆತ್ತಿಗೆ ಬರಲಿ, ಊಟಕ್ಕೆ ಬರ್ತೇನೆ' ಅನ್ನುವ ಹಳಬರು ಇಂಗ್ಲಿಷ್ ಗಡಿಯಾರಕ್ಕಿಂತ ತಡವಾಗಿ ಉಂಡರೆ ತಪ್ಪು ಅವರದಲ್ಲ.

ನಿಜವಾಗಿ ದುಡ್ಡು, ಕೋರ್ಟು, ಅರ್ಜಿಗಳವರೆಗೆ ಹೋಗುವ ಗೊಂದಲ ಬೇರೆಯೇ ಇದೆ: 'ಬೈ', 'ಅಂಟಿಲ್', 'ವಿದಿನ್', 'ಇನ್', 'ಆಫ್ಟರ್'. ಇವುಗಳಲ್ಲಿ ಕನ್ನಡ ಇಂಗ್ಲಿಷಿಗಿಂತ ಬಡವಾಗಿಲ್ಲ. 'ಐದರೊಳಗೆ ಕೊಡು' ಎಂದರೆ 'ಬೈ'. ಐದಕ್ಕೆ ಮೊದಲು ಯಾವಾಗ ಕೊಟ್ಟರೂ ಆಯಿತು, ಒಂದು ಸಲ ಕೊಟ್ಟರೆ ಮುಗಿಯಿತು. 'ಐದರ ತನಕ ಇರು' ಎಂದರೆ 'ಅಂಟಿಲ್'. ಐದಾಗುವವರೆಗೂ ಆ ಕೆಲಸ ನಡೆಯುತ್ತಲೇ ಇರಬೇಕು. ಕೊಡುವುದು ಕ್ಷಣದ ಕೆಲಸ, ಇರುವುದು ಹೊತ್ತಿನ ಕೆಲಸ. ಈ ಭೇದ ಕನ್ನಡದಲ್ಲೇ ಇರುವಾಗ 'ಐ ವಿಲ್ ಫಿನಿಶ್ ಇಟ್ ಅಂಟಿಲ್ ಫೈವ್' ಎಂದು ಬರೆಯುವವರು ಕನ್ನಡವನ್ನೂ ಕೇಳಿಸಿಕೊಳ್ಳಲಿಲ್ಲ ಎಂದರ್ಥ. 'ಅಂಟಿಲ್ ಹಿ ಡಸ್ ನಾಟ್ ಕಮ್' ಎಂಬ ತಪ್ಪಂತೂ ನಮ್ಮದಲ್ಲವೇ ಅಲ್ಲ. ನಾವು 'ಅವನು ಬರುವ ತನಕ' ಎನ್ನುತ್ತೇವೆ, ಅದರಲ್ಲಿ 'ಇಲ್ಲ' ಎಂಬುದಿಲ್ಲ. ಅದು ಹಿಂದಿಯ ದಾರಿಯಲ್ಲಿ ಬಂದ ತಪ್ಪು. ಟೀವಿ ನೋಡಿ ನೋಡಿ ನಾವೂ ಎತ್ತಿಕೊಂಡಿದ್ದೇವೆ.

'ಇನ್ ಟೆನ್ ಡೇಸ್' ಎಂಬುದು ಹೆಚ್ಚು ಅಪಾಯಕಾರಿ. ಅದನ್ನು ನಾವು 'ಹತ್ತು ದಿನದಲ್ಲಿ' ಎಂದು ಓದಿ, ಹತ್ತರೊಳಗೆ ಯಾವತ್ತು ಬೇಕಾದರೂ ಎಂದು ತಿಳಿಯುತ್ತೇವೆ. 'ಐ ವಿಲ್ ಕಮ್ ಇನ್ ಟೆನ್ ಡೇಸ್' ಎಂದವನು ಸಾಮಾನ್ಯವಾಗಿ ಹೇಳುತ್ತಿರುವುದು 'ಹತ್ತು ದಿನ ಬಿಟ್ಟು ಬರ್ತೇನೆ' ಎಂದು. ಹತ್ತರೊಳಗೆ ಎನ್ನಬೇಕಾದರೆ 'ವಿದಿನ್'. ಸರ್ಕಾರಿ ಕಾಗದಗಳಲ್ಲಿ ಹೆಚ್ಚಾಗಿ ಕಾಣುವುದೂ ಅದೇ. ನಮ್ಮ ಸಕಾಲ ಯೋಜನೆ ನಿಂತಿರುವುದೇ 'ಇಷ್ಟು ದಿನದೊಳಗೆ' ಎಂಬ ಒಂದು ಮಾತಿನ ಮೇಲೆ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯದ ಉದ್ದಗಲಕ್ಕೂ ಬಂತು. ಸರ್ಕಾರಿ ಸೇವೆ ಗೊತ್ತುಪಡಿಸಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರರಿಗೆ ಪರಿಹಾರ. ಹೆಸರಿಟ್ಟವರು ಯಾರೋ, ಒಳ್ಳೆಯ ಕಿವಿಯವರು: 'ಸಕಾಲ' ಎಂದರೆ 'ಇನ್ ಟೈಮ್'ಗೆ ತಕ್ಕ ಶಬ್ದ.

ದಿನ ಎಣಿಸುವುದು ಯಾವತ್ತಿನಿಂದ ಎಂಬುದು ಇನ್ನೊಂದು ಜಗಳ. ಅಡಿಕೆ ವ್ಯಾಪಾರದಲ್ಲಿ ಚೆಕ್ ಬೌನ್ಸ್ ಆದವರಿಗೆ ಇದು ಗೊತ್ತಿರುತ್ತದೆ. ಬ್ಯಾಂಕಿನಿಂದ ವಿಷಯ ತಿಳಿದ ಮೂವತ್ತು ದಿನದೊಳಗೆ ನೋಟಿಸು, ನೋಟಿಸು ತಲುಪಿದ ಹದಿನೈದು ದಿನದೊಳಗೆ ಚೆಕ್ ಕೊಟ್ಟವನು ದುಡ್ಡು ಕೊಡಬೇಕು, ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ತಲುಪಿದ ದಿನ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ? 1897ರ ಜನರಲ್ ಕ್ಲಾಸಸ್ ಆಕ್ಟ್‌ನ 9ನೇ ಕಲಮು 'ಫ್ರಮ್' ಎಂದಿದ್ದರೆ ಮೊದಲ ದಿನ ಬಿಡಬೇಕು, 'ಟು' ಎಂದಿದ್ದರೆ ಕೊನೆಯ ದಿನ ಸೇರಿಸಬೇಕು ಎನ್ನುತ್ತದೆ. ಚೆಕ್ಕಿನ ಕಾನೂನಿನಲ್ಲಿ ಇರುವುದು 'ಆಫ್'. 'ಫ್ರಮ್' ಬೇರೆ, 'ಆಫ್' ಬೇರೆ, ಮೊದಲ ದಿನ ಸೇರಬೇಕು ಎಂಬ ವಾದ ಸುಪ್ರೀಂ ಕೋರ್ಟಿನ ತನಕ ಹೋಗಿ, 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎರಡರಲ್ಲೂ ಮೊದಲ ದಿನ ಬಿಡಬೇಕೆಂದು ಹೇಳಿತು. ಒಂದು ಪುಟ್ಟ ಶಬ್ದಕ್ಕೆ ಅಷ್ಟು ದೊಡ್ಡ ಕೋರ್ಟು.

ನಮ್ಮ ಮನೆಗಳಲ್ಲಿ ಲೆಕ್ಕ ಉಲ್ಟಾ. ಸಾವಾದ ದಿನವೇ ಒಂದನೇ ದಿನ, ಅಲ್ಲಿಂದ ಎಣಿಸಿ ಹನ್ನೊಂದನೆಯ ದಿನದ ಕಾರ್ಯ. ಮಗು ಹುಟ್ಟಿದ್ದಕ್ಕೂ ಹಾಗೇ. ಹಳೆಯ ರೋಮಿನವರೂ ಹೀಗೇ ಎಣಿಸುತ್ತಿದ್ದರು. ಅದರ ಗುರುತು ಇವತ್ತಿಗೂ ಡಾಕ್ಟರ ಚೀಟಿಯಲ್ಲಿ ಉಳಿದಿದೆ. ಒಂದು ಕಾಲದಲ್ಲಿ ಮಲೆನಾಡನ್ನು ಹಿಂಡಿದ ಚಳಿಜ್ವರದಲ್ಲಿ ಒಂದು ಬಗೆ ನಲವತ್ತೆಂಟು ಗಂಟೆಗೊಮ್ಮೆ ಏರುತ್ತದೆ. ನಾವು ಅದನ್ನು ದಿನ ಬಿಟ್ಟು ದಿನ ಬರುವ ಜ್ವರ ಎಂದೆವು. ವೈದ್ಯಶಾಸ್ತ್ರ 'ಟರ್ಷಿಯನ್' ಎಂದಿತು, ಅಂದರೆ ಮೂರನೇ ದಿನದ್ದು. ಸೋಮವಾರ ಬಂದದ್ದು ಬುಧವಾರ ಬಂದರೆ, ಸೋಮವಾರವನ್ನೂ ಸೇರಿಸಿ ಮೂರು. 'ದಿನ ಬಿಟ್ಟು ದಿನ' ಎಷ್ಟು ಚೊಕ್ಕ ನೋಡಿ, ಎಣಿಸುವ ಗೋಜೇ ಇಲ್ಲ.

ಇಂಗ್ಲಿಷಿನವರಿಗೆ ಇಂಥಲ್ಲೆಲ್ಲ ಪರದಾಟ. 'ಬೈವೀಕ್ಲಿ' ಎಂದರೆ ವಾರಕ್ಕೆರಡು ಸಲವೋ ಎರಡು ವಾರಕ್ಕೊಂದು ಸಲವೋ ಅವರಿಗೇ ಖಾತ್ರಿಯಿಲ್ಲ. ನಿಘಂಟುಗಳು ಎರಡನ್ನೂ ಕೊಟ್ಟು ಜಾರಿಕೊಳ್ಳುತ್ತವೆ. 'ಬೈಆನ್ಯುಯಲ್' ವರ್ಷಕ್ಕೆ ಎರಡು, 'ಬೈಎನಿಯಲ್' ಎರಡು ವರ್ಷಕ್ಕೆ ಒಂದು, ಕೇಳಿದರೆ ಎರಡೂ ಒಂದೇ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಎಂದು ಹೇಳಿದರೆ ಶಾಲೆಗೆ ಹೋಗದವರಿಗೂ 2020 ಆದ ಮೇಲೆ 2023 ಎಂದು ತಿಳಿಯುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ತಾರೀಖೇ ಬೇಡ, ತಿಥಿ ಸಾಕು. ವಾರ ಬಿಟ್ಟು ವಾರ, ಹದಿನೈದು ದಿನಕ್ಕೊಮ್ಮೆ, ಸಂತೆಯಿಂದ ಸಂತೆಗೆ ಎಂದರೂ ಅಷ್ಟೇ ಸ್ಪಷ್ಟ. ನಾಳೆಯ ಮರುದಿನಕ್ಕೂ ಇಂಗ್ಲಿಷಿನವರು ಇಡೀ ಒಂದು ವಾಕ್ಯಖಂಡ ಕಟ್ಟಬೇಕು, 'ಡೇ ಆಫ್ಟರ್ ಟುಮಾರೋ' ಎಂದು. ನಮಗೆ 'ನಾಡಿದ್ದು' ಒಂದೇ ಸಾಕು, ಬೇಕಾದರೆ 'ಆಚೆ ನಾಡಿದ್ದು' ಕೂಡ ಕೈಗೆ ಸಿಗುತ್ತದೆ. ಇಂಗ್ಲಿಷಿನಲ್ಲೂ ಹಿಂದೆ 'ಓವರ್‌ಮಾರೋ' ಎಂಬ ಶಬ್ದ ಇತ್ತು. ಕಳೆದುಕೊಂಡರು.

ನಮ್ಮಲ್ಲೂ ಅಷ್ಟೇ ಮಸುಕಾದ ಮಾತು ಒಂದಿದೆ, ಅದನ್ನು ಮುಚ್ಚಿಡಬಾರದು. ಸೋಮವಾರ ಕೂತು 'ಮುಂದಿನ ಶುಕ್ರವಾರ' ಎಂದರೆ ಯಾವುದು? ಈ ವಾರದ್ದೋ, ಬರುವ ವಾರದ್ದೋ? 'ನೆಕ್ಸ್ಟ್ ಫ್ರೈಡೇ' ಬಗ್ಗೆ ಇಂಗ್ಲಿಷಿನವರಿಗೂ ಇದೇ ತಕರಾರು. ನಮ್ಮ ಮನೆಯಲ್ಲೇ ನನ್ನ ಹೆಂಡತಿಗೆ ಅದು ನಾಲ್ಕು ದಿನ ಆಚೆ, ನನಗೆ ಹನ್ನೊಂದು ದಿನ ಆಚೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಇದು ತೀರ್ಮಾನವಾಗಿಲ್ಲ. 'ಈ ಶುಕ್ರವಾರ', 'ಬರೋ ವಾರದ ಶುಕ್ರವಾರ' ಎನ್ನುವುದು ಸ್ವಲ್ಪ ವಾಸಿ.

ಸೊಸೆಗೆ ಆ ಕಂಪನಿಯವರು ಇನ್ನೊಂದು ಅವಕಾಶ ಕೊಟ್ಟರು. ಎರಡು ವಾರದ ಮೇಲೆ ಮತ್ತೆ ಮೆಸೇಜು ಬಂತು, 'ನೆಕ್ಸ್ಟ್ ಥರ್ಸ್‌ಡೇ' ಎಂದು. ಈ ಸಲ ನಾನು ಮೊದಲೇ ಓದಿಸಿಕೊಂಡೆ. "ತಾರೀಖು ಕೇಳು" ಅಂದೆ. "ಕೇಳಿದ್ರೆ ಇಂಗ್ಲಿಷ್ ಬರಲ್ಲ ಅಂದ್ಕೊಳಲ್ವಾ ಮಾವ?" ಅಂದಳು. "ಅಂದ್ಕೊಂಡ್ರೆ ಅಂದ್ಕೊಳ್ಳಲಿ, ಕೇಳು." ಕೇಳಿದಳು. ಕಳಿಸಿದವರು ಆಫೀಸಿನಲ್ಲಿ ಇನ್ನೊಬ್ಬರನ್ನು ವಿಚಾರಿಸಿ, ಅರ್ಧ ಗಂಟೆ ಬಿಟ್ಟು ತಾರೀಖು ಹೇಳಿದರು. ಅವಳು ಅಂದುಕೊಂಡದ್ದಕ್ಕಿಂತ ಅದು ಒಂದು ವಾರ ಆಚೆ ಇತ್ತು.

ಹೊರಡುವ ದಿನ ಅವಳು ನಮ್ಮ ಮನೆಗೆ ಬಂದಿದ್ದಳು. ಶಿವಮೊಗ್ಗಕ್ಕೆ ಹೋಗುವ ಬಸ್ಸಿಗೆ ಹತ್ತಿಸಲು ಸಾಗರದ ಬಸ್ ಸ್ಟ್ಯಾಂಡಿಗೆ ಏಳೂಕಾಲಿಗೇ ಹೋಗಿ ನಿಂತೆವು. ಏಳೂವರೆ ಬಸ್ಸು ಬಂದದ್ದು ಎಂಟೂ ಐದಕ್ಕೆ.